ಪೆಟ್ಟಿಗೆಗಿಂತ ಮೊದಲು ಅಂಗಡಿ

ಮೊನ್ನೆ ರಾತ್ರಿ ಫೋನ್ ಮಾಡಿ, "ಮಾವ, ಹೊಸ ಫ್ಲ್ಯಾಟಿಗೆ ಒಂದು ಒಳ್ಳೆ ಸ್ಟೀರಿಯೋ ತಗೋಬೇಕು, ಯಾವ ಕಂಪನೀದು ತಗೊಳ್ಳಲಿ?" ಅಂತ ಕೇಳಿದೆ. ನಾನು ಏನೋ ಗೊಣಗಿ ಫೋನ್ ಇಟ್ಟೆ. ಗೊತ್ತಿಲ್ಲದೆ ಅಲ್ಲಪ್ಪ. ಕಂಪನಿಯ ಹೆಸರು ಹೇಳಿಬಿಟ್ಟರೆ ನೀನು ಅರ್ಧ ಗಂಟೆಯಲ್ಲಿ ಮೊಬೈಲಿನಲ್ಲೇ ದುಡ್ಡು ಕಟ್ಟಿ ಮುಗಿಸುತ್ತೀಯ ಅಂತ ಸುಮ್ಮನಾದೆ. ಕಂಪನಿ ಆಮೇಲೆ. ಮೊದಲು ಅಂಗಡಿಯವನನ್ನು ಹುಡುಕು.

ಈ ಮಾತು ಹೇಳುವ ಅಧಿಕಾರ ನನಗೆ ಬಂದದ್ದು ದಂಡ ತೆತ್ತು. ತೊಂಬತ್ತರ ದಶಕದಲ್ಲಿ ಹಬ್ಬದ ಬೋನಸ್ಸು ಕೈಗೆ ಬಂದ ವಾರವೇ ಹೋಗಿ ಆಳೆತ್ತರದ ಒಂದು ಸೆಟ್ ತಂದೆ. ರಟ್ಟಿನ ಡಬ್ಬದ ಮೇಲೆ ದಪ್ಪಕ್ಷರದಲ್ಲಿ 2000 ವ್ಯಾಟ್ ಪಿ.ಎಂ.ಪಿ.ಓ. ಅಂತ ಇತ್ತು. ಮುಂದೆ ಕೆಂಪು ಹಸಿರು ದೀಪಗಳು ಕುಣಿಯುತ್ತಿದ್ದವು. ಕೆ.ಇ.ಬಿ.ಯಲ್ಲಿದ್ದ ಪಕ್ಕದ ಮನೆಯವರು ಕಾಫಿಗೆ ಬಂದವರು ಅದನ್ನು ತಿರುಗಿಸಿ ಬೆನ್ನು ನೋಡಿದರು. ಅಲ್ಲಿ ಸಣ್ಣ ಚೀಟಿ: ವಿದ್ಯುತ್ ಬಳಕೆ 60 ವ್ಯಾಟ್. "ಗೋಡೆಯಿಂದ 60 ತಗೊಂಡು ಕೋಣೆಗೆ 2000 ಕೊಡುತ್ತಾ? ಹಾಗಿದ್ದರೆ ಶರಾವತಿಗೆ ಅಣೆಕಟ್ಟು ಯಾಕೆ ಬೇಕಿತ್ತು, ಇಂಥ ನಾಲ್ಕು ಪೆಟ್ಟಿಗೆ ಸಾಕಿತ್ತು" ಅಂದರು. ನಿನ್ನ ಅತ್ತೆ ಒಳಗೆ ನಕ್ಕದ್ದು ಹೊರಗೆ ಕೇಳಿಸಿತು.

ಅಂದಿನಿಂದ ನನಗೆ ವ್ಯಾಟಿನ ಭ್ರಮೆ ಬಿಟ್ಟಿತು. ನಿನಗೂ ಬಿಡಲಿ ಅಂತ ಎರಡು ಮಾತು. ನೋಡಬೇಕಾದ್ದು ಆರ್.ಎಂ.ಎಸ್. ಅಂತ ಬರೆದಿರುವ ವ್ಯಾಟು, ಅದು ನಿಂತು ಕೊಡುವ ಶಕ್ತಿ. ಅದರಲ್ಲೂ ನೂರು ವ್ಯಾಟಿನ ಆಂಪ್ಲಿಫಯರು ಐವತ್ತರದಕ್ಕಿಂತ ಎರಡರಷ್ಟು ಜೋರಾಗಿ ಹಾಡುವುದಿಲ್ಲ, ಏರುವುದು ಬರೀ 3 ಡೆಸಿಬೆಲ್. ಕಿವಿಗೆ ಎರಡರಷ್ಟು ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್ ಏರಬೇಕು, ಅದಕ್ಕೆ ಹತ್ತು ಪಟ್ಟು ಶಕ್ತಿ ಸುರಿಯಬೇಕು. ಸ್ಪೀಕರಿನ ಕಾಗದದಲ್ಲಿ ಸೆನ್ಸಿಟಿವಿಟಿ ಅಂತ ಒಂದು ಸಂಖ್ಯೆ ಇರುತ್ತದೆ: ಒಂದು ವ್ಯಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಅಂತ. 87 ಇರುವ ಸ್ಪೀಕರಿಗೆ ಬೇಕಾಗುವ ಶಕ್ತಿಯ ಅರ್ಧದಲ್ಲೇ 90 ಇರುವುದು ಅಷ್ಟೇ ಜೋರಾಗಿ ಹಾಡುತ್ತದೆ. ನಿನ್ನ ಹತ್ತು ಹನ್ನೆರಡು ಅಡಿಯ ಹಜಾರದಲ್ಲಿ ಊಟದ ನಂತರ ಕೂತು ಹಾಡು ಕೇಳುವಾಗ ಸೆಟ್ಟು ಖರ್ಚು ಮಾಡುವುದು ಒಂದು ವ್ಯಾಟಿನ ಆಸುಪಾಸು. ಮೃದಂಗದ ತನಿ ಬಂದಾಗ ಚಿಮ್ಮುವುದಕ್ಕೆ ಒಂದಿಷ್ಟು ಮಿಗಬೇಕು, ನಿಜ. ನಲವತ್ತು ಐವತ್ತು ವ್ಯಾಟ್ ಇದ್ದರೆ ಧಾರಾಳ.

ಆ ಕುಣಿಯುವ ದೀಪದ ಪೆಟ್ಟಿಗೆಯನ್ನು ಮಾರಿ, ಮತ್ತೆ ಕೈಲಿ ಕಾಸು ಕೂಡಿದ ಮೇಲೆ, ಇಲ್ಲೇ ಮೈಸೂರಿನಲ್ಲಿ ಇನ್ನೊಂದು ಅಂಗಡಿಗೆ ಹೋದೆ. ಬಾಗಿಲಲ್ಲಿ ಥಳಕು ಏನೂ ಇರಲಿಲ್ಲ. ಆ ಯಜಮಾನರು ಬಜೆಟ್ ಎಷ್ಟು ಅಂತ ಕೇಳಲಿಲ್ಲ. "ಏನು ಕೇಳ್ತೀರಿ? ಎಲ್ಲಿ ಕೂತು ಕೇಳ್ತೀರಿ? ನೆಲ ಯಾವುದು?" ಅಂದರು. ನೆಲ ಯಾವುದು ಅಂತ ಕೇಳಿದ ಅಂಗಡಿಯವರನ್ನು ನಾನು ಅದೇ ಮೊದಲು ಕಂಡದ್ದು. ಮೊಸಾಯಿಕ್ ಅಂದೆ. ಆ ಭಾನುವಾರ ಸ್ಕೂಟರಿನಲ್ಲಿ ಮನೆಗೇ ಬಂದರು. ಹಜಾರದ ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿದರು. ಬರಿಯ ಗೋಡೆಗಳ ನಡುವೆ ಆ ಸದ್ದು ಟರ್ರ್ ಅಂತ ನಡುಗಿ ಸತ್ತಿತು. "ಕೇಳಿಸಿತಾ? ಎಷ್ಟೇ ದುಬಾರಿ ಸ್ಪೀಕರ್ ತಂದರೂ ಈ ಟರ್ರ್ ಅದರ ಜೊತೆ ಹಾಡುತ್ತೆ" ಅಂದು, ಒಳಗೆ ಮಡಿಸಿಟ್ಟಿದ್ದ ನವಲಗುಂದದ ಜಮಖಾನ ತರಿಸಿ ಹಾಸಿಸಿದರು. ಕಿಟಕಿಗೆ ದಪ್ಪ ಪರದೆ ಹಾಕಿಸಿ, ಕೋಣೆಯಲ್ಲಿದ್ದ ಪುಸ್ತಕದ ಕಪಾಟನ್ನು ಹಿಂಬದಿಯ ಗೋಡೆಗೆ ತರಿಸಿ, ಮತ್ತೆ ಚಪ್ಪಾಳೆ ತಟ್ಟಿದರು. ಸದ್ದು ಹುಟ್ಟಿದಲ್ಲೇ ನಿಂತಿತು. ಅಷ್ಟಾದ ಮೇಲೆ, ನಾನು ಮನಸ್ಸಿನಲ್ಲಿಟ್ಟುಕೊಂಡಿದ್ದಕ್ಕಿಂತ ಕಡಿಮೆ ಬೆಲೆಯ ಆಂಪ್ಲಿಫಯರು ಸಾಕೆಂದು, ಮಿಕ್ಕ ದುಡ್ಡನ್ನು ಸ್ಪೀಕರಿಗೆ ಹಾಕಿಸಿದರು. ಆ ಸೆಟ್ಟು ಇಂದಿಗೂ ಹಾಡುತ್ತಿದೆ, ನೀನೇ ಕೇಳಿದ್ದೀಯ.

ಬೆಂಗಳೂರಿನಲ್ಲಿ ಅಂಥವರು ಇಲ್ಲ ಅನ್ನಬೇಡ. ಇದ್ದಾರೆ, ನಾಲ್ಕು ಮೆಟ್ಟಿಲು ಹತ್ತಿ ಇಳಿದು ಹುಡುಕಬೇಕು. ಎಸ್.ಪಿ. ರಸ್ತೆಗೆ ಹೋದರೆ ವೈರು, ಪ್ಲಗ್ಗು, ಕನೆಕ್ಟರು ಎಲ್ಲ ಅಗ್ಗಕ್ಕೆ ತಾ. ಸ್ಪೀಕರನ್ನು ಮಾತ್ರ ಆ ಗದ್ದಲದಲ್ಲಿ ನಿಂತು ಕೇಳಿ ಆರಿಸುವುದು ಆಗದ ಕೆಲಸ. ಸದ್ದಿಲ್ಲದ ಒಂದು ಕೋಣೆ, ಕೂರಲು ಕುರ್ಚಿ, ಎರಡು ಮೂರು ಜೊತೆ ಸ್ಪೀಕರುಗಳನ್ನು ಬದಲಿಸಿ ಬದಲಿಸಿ ಕೇಳಿಸುವ ತಾಳ್ಮೆ, ಇಷ್ಟು ಇರುವ ಅಂಗಡಿ ನೋಡು.

ಅಲ್ಲೂ ಎಚ್ಚರ ಬೇಕು. ಆಡಿಯೋ ಅಂಗಡಿಯಲ್ಲಿ ಕೂತರೆ ಹೋಟೆಲ್ ಕ್ಯಾಲಿಫೋರ್ನಿಯಾ ಹಾಕೇ ಹಾಕುತ್ತಾರೆ. ಒಳ್ಳೆಯ ಹಾಡೇ, ಆದರೆ ಅದರ ಗಿಟಾರು ಯಾವ ಡಬ್ಬದಲ್ಲೂ ಚೆನ್ನಾಗೇ ಕೇಳುತ್ತದೆ. ಇನ್ನೊಂದು ಚಮತ್ಕಾರ ವಾಲ್ಯೂಮಿನದು. ಎರಡು ಸ್ಪೀಕರುಗಳಲ್ಲಿ ಯಾವುದು ಕೂದಲೆಳೆಯಷ್ಟು ಜೋರಾಗಿದೆಯೋ ಅದೇ ಚೆನ್ನಾಗಿದೆ ಅಂತ ಕಿವಿ ಹೇಳಿಬಿಡುತ್ತದೆ. ಮಾರಬೇಕಾದ ಮಾಲನ್ನು ತುಸು ಏರಿಸಿ ಕೇಳಿಸುವವರು ಇದ್ದಾರೆ. "ಸ್ವಾಮಿ, ಎರಡನ್ನೂ ಒಂದೇ ಮಟ್ಟಕ್ಕೆ ತನ್ನಿ, ಬಾಸು ಟ್ರೆಬಲ್ಲು ನಡುವಿಗೆ ಇಡಿ" ಅಂತ ಸಂಕೋಚ ಇಲ್ಲದೆ ಹೇಳು. ಮುಖ ಗಂಟಿಕ್ಕಿದರೆ ಎದ್ದು ಬಾ.

ನಿನಗೆ ಗೊತ್ತಿರುವ ಹಾಡುಗಳನ್ನು ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಹೋಗು. ಬ್ಲೂಟೂತ್ ಬೇಡ, ಅದು ಹಾಡನ್ನು ಹಿಂಡಿ ಕಳಿಸುತ್ತದೆ. ಗಂಗೂಬಾಯಿ ಹಾನಗಲ್ಲರ ಒಂದು ಖಯಾಲ್ ಇರಲಿ. ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ಅವರ ದನಿ ಗಂಡುದನಿಯಷ್ಟು ತಗ್ಗಿ, ದಪ್ಪವಾಯಿತು. ಕೆಟ್ಟ ಸ್ಪೀಕರಿನಲ್ಲಿ ಅದು ಮಡಕೆಯೊಳಗಿಂದ ಬಂದ ಹಾಗೆ ಕೇಳುತ್ತದೆ, ಒಳ್ಳೆಯದರಲ್ಲಿ ಎದೆಯಿಂದ ಬರುತ್ತದೆ. ಹಿಂದೆ ಮೀಟುವ ತಂಬೂರಿಯ ಮೇಲೂ ಗಮನ ಇಡು. ಜೀವಾರಿಯ ಜೇಂಕಾರ ಬಿಡಿಬಿಡಿಯಾಗಿ ಕೇಳಬೇಕು, ಸೊಳ್ಳೆಯ ಗುಂಯ್‌ಗುಡಿತ ಆಗಬಾರದು. ಮೃದಂಗ ಇರುವ ಒಂದು ಕಛೇರಿಯೂ ಇರಲಿ. ಮೃದಂಗದ ಎಡದ ತೊಪ್ಪಿಯ ಗುಂಕಿಗೆ ಒಂದು ಆಕಾರ ಇರುತ್ತದೆ, ಹುಟ್ಟು ಸಾವು ಎರಡೂ ಇರುತ್ತದೆ. ಬರೀ ದುಂ ದುಂ ಅಂತ ಊದಿಕೊಂಡರೆ ಆ ಬಾಸು ನಕಲಿ. ನಿನ್ನ ಹೆಂಡತಿಗೆ ಇಷ್ಟವಾದ ರಾಜ್‌ಕುಮಾರರ ಹಳೆಯ ಹಾಡು ಒಂದಿರಲಿ. ಆ ಕಾಲದವು ಮೋನೋ. ಸ್ಪೀಕರುಗಳು ಸರಿಯಾಗಿದ್ದರೆ ಅಣ್ಣಾವ್ರ ದನಿ ಎರಡರ ನಟ್ಟನಡುವೆ ನಿಲ್ಲುತ್ತದೆ. ಕೊನೆಗೆ ಯಾರಾದರೂ ಬರೀ ಮಾತಾಡಿರುವ ಒಂದು ತುಣುಕು, ವಾರ್ತೆ ಓದಿದ್ದಾದರೂ ಸರಿ. ಮಾತು ಹುಟ್ಟಿದಾಗಿಂದ ನಾವು ಕೇಳುತ್ತಿರುವ ವಾದ್ಯ, ಅದರಲ್ಲಿ ಕಿವಿ ಮೋಸ ಹೋಗುವುದು ಕಷ್ಟ. ಸ, ಶ, ಷ ಚುಚ್ಚಿದರೆ ಆ ಜೊತೆಯನ್ನು ಪಕ್ಕಕ್ಕಿಡಿಸು.

ಅಂಗಡಿಯಲ್ಲಿ ಗೆದ್ದದ್ದು ಮನೆಯಲ್ಲಿ ಸೋಲಬಹುದು. ನಿಮ್ಮ ಅಜ್ಜಿ ರೇಷ್ಮೆ ಸೀರೆಯನ್ನು ಅಂಗಡಿಯ ದೀಪದಲ್ಲಿ ನೋಡಿ ಒಪ್ಪಿದ್ದೇ ಇಲ್ಲ, ಬಾಗಿಲ ಹೊರಗೆ ಬಿಸಿಲಿಗೆ ತಂದು ಸೆರಗು ಬಿಡಿಸುತ್ತಿದ್ದಳು. ಅಂಗಡಿಯವರ ಕೋಣೆಯಲ್ಲಿ ಕಾರ್ಪೆಟ್ಟು, ಗೋಡೆಗೆ ಮೆತ್ತೆ. ನಿನ್ನಲ್ಲಿ ವಿಟ್ರಿಫೈಡ್ ಟೈಲ್ಸು, ಬಾಲ್ಕನಿಗೆ ಗಾಜಿನ ಬಾಗಿಲು. "ಎರಡು ದಿನ ಮನೆಯಲ್ಲಿಟ್ಟು ಕೇಳಲು ಡೆಮೋ ಪೀಸ್ ಕೊಡ್ತೀರಾ? ಅಥವಾ ನೀವೇ ಬಂದು ನೋಡ್ತೀರಾ? ಹೊಂದದಿದ್ದರೆ ಬದಲಿಸಿ ಕೊಡ್ತೀರಾ?" ಈ ಮೂರು ಪ್ರಶ್ನೆಗೆ ಅವರು ಕೊಡುವ ಉತ್ತರದಲ್ಲಿ ಅಂಗಡಿಯವರ ಜಾತಕ ಪೂರ್ತಿ ಸಿಗುತ್ತದೆ. ಅಡ್ವಾನ್ಸ್ ಕಟ್ಟಿಸಿಕೊಂಡಾದರೂ ಕೊಟ್ಟರೆ ಒಳ್ಳೆಯವರೇ. "ಇಂಥದ್ದನ್ನ ಎಲ್ಲರೂ ತಗೊಂಡು ಹೋಗ್ತಾ ಇದಾರೆ ಸರ್, ಲಾಸ್ಟ್ ಪೀಸ್" ಅಂದರೆ ನಮಸ್ಕಾರ ಹೇಳು. ಸ್ಟೀರಿಯೋ ಕೇಳಿದವನಿಗೆ ಐದು ಸ್ಪೀಕರಿನ ಹೋಂ ಥಿಯೇಟರನ್ನು ತಲೆಗೆ ಕಟ್ಟಲು ನೋಡುವವರೂ ಉಂಟು. ಅದೇ ದುಡ್ಡನ್ನು ಐದು ಕಡೆ ಹರಿದು ಹಂಚುವುದಕ್ಕಿಂತ ಎರಡು ಕಡೆ ನೆಟ್ಟಗೆ ಹಾಕುವುದೇ ಸರಿ. ಹಾಡು ಕೇಳುವವನಿಗೆ ಇದು, ಸಿನಿಮಾ ನೋಡುವವನ ಲೆಕ್ಕ ಬೇರೆ.

"ಆನ್‌ಲೈನಲ್ಲಿ ಕಡಿಮೆಗೆ ಸಿಗುತ್ತೆ ಮಾವ" ಅಂತ ನೀನು ಅನ್ನುವುದು ನನಗೆ ಇಲ್ಲಿಗೇ ಕೇಳಿಸುತ್ತಿದೆ. ಸಿಗಬಹುದು. ಹಾಗೆ ತಗೊಳ್ಳುವವನು ಮೊದಲೇ ಹಾಗೆ ತಗೊಳ್ಳಲಿ. ಒಬ್ಬರ ಅಂಗಡಿಯಲ್ಲಿ ಎರಡು ಗಂಟೆ ಕೂತು, ಅವರ ಕಾಫಿ ಕುಡಿದು, ಮಾಡೆಲ್ ನಂಬರ್ ಬರೆದುಕೊಂಡು ಬಂದು ಮೊಬೈಲಿನಲ್ಲಿ ಕೊಳ್ಳುವುದು ಉಂಡ ಮನೆಗೆ ಎರಡು ಬಗೆದ ಹಾಗೆ. ಅಂಗಡಿಯವರೂ ಬದುಕಬೇಕು, ಕೇಳಿಸುವ ಕೋಣೆಗೆ ಬಾಡಿಗೆ ಕಟ್ಟುವವರು ಅವರೇ. ಚೌಕಾಸಿ ಮಾಡು, ಬೇಡ ಅನ್ನುವುದಿಲ್ಲ. ಆದರೆ ಬೆಲೆಯನ್ನೇ ಹಿಂಡುವ ಬದಲು ಸ್ಟ್ಯಾಂಡು, ಒಳ್ಳೆಯ ತಾಮ್ರದ ವೈರು, ಮನೆಗೆ ಬಂದು ಜೋಡಿಸುವುದು, ಇವುಗಳನ್ನು ಸೇರಿಸಿ ಕೇಳು. ವೈರಿಗೆ ಸಾವಿರಾರು ರೂಪಾಯಿ ಅಂದರೆ ನಗಾಡಿಬಿಡು, 16 ಗೇಜಿನ ಸಾದಾ ತಾಮ್ರ ನಿನ್ನ ಕೋಣೆಯ ಉದ್ದಕ್ಕೆ ಸಾಕೋ ಸಾಕು. ಬಿಲ್ಲು ಪಕ್ಕಾ ಇರಲಿ, ವಾರಂಟಿ ಕಾರ್ಡಿನ ಮೇಲೆ ಸೀಲು ತಾರೀಕು ಎರಡೂ ಬೀಳಲಿ. ಬಿಲ್ಲಿಲ್ಲದೆ ಅಗ್ಗಕ್ಕೆ ಬರುವ ಹೊರದೇಶದ ಮಾಲಿಗೆ ಇಲ್ಲಿಯ ಕಂಪನಿ ಕೈ ಹಾಕುವುದಿಲ್ಲ.

ಸೆಕೆಂಡ್ ಹ್ಯಾಂಡ್ ಆದರೂ ಪರವಾಗಿಲ್ಲ, ಒಂದು ಮಾತ್ರ ನೋಡು. ಸ್ಪೀಕರಿನ ಕೋನಿನ ಸುತ್ತಲಿನ ಅಂಚು ಫೋಮಿನದಾದರೆ ನಮ್ಮ ಹವೆಗೆ ಹತ್ತು ಹದಿನೈದು ವರ್ಷದಲ್ಲಿ ಪುಡಿಪುಡಿಯಾಗುತ್ತದೆ. ಬೆರಳು ಸೋಕಿಸಿದರೇ ತಿಳಿಯುತ್ತದೆ. ರಬ್ಬರಿನದು ಬಾಳುತ್ತದೆ.

ಪ್ಲೇಟು ಹಾಕುವ ಟರ್ನ್‌ಟೇಬಲ್ ಬೇರೆ ಬೇಕು ಅಂದೆಯಲ್ಲ. ಅಮೆರಿಕದಿಂದ ತರಿಸುವ ಮೊದಲು ನನ್ನ ಗೆಳೆಯನ ಕಥೆ ಕೇಳು. ಅವನ ಮಗ ಅಲ್ಲಿಂದ ಹಳೆಯದೊಂದನ್ನು ಹೊತ್ತು ತಂದ. ಅಲ್ಲಿ 120 ವೋಲ್ಟು, ಇಲ್ಲಿ 230. ಅದು ಇವರಿಗೆ ಗೊತ್ತಿತ್ತು, ಟ್ರಾನ್ಸ್‌ಫಾರ್ಮರ್ ಹಾಕಿದರು. ಅಲ್ಲಿಯ ಕರೆಂಟು ಸೆಕೆಂಡಿಗೆ 60 ಸಲ ತೊನೆಯುತ್ತದೆ, ಇಲ್ಲಿಯದು 50 ಸಲ ಅನ್ನುವುದು ನೆನಪಾಗಲಿಲ್ಲ. ಟ್ರಾನ್ಸ್‌ಫಾರ್ಮರ್ ಅದನ್ನು ಬದಲಿಸುವುದಿಲ್ಲ, ಆ ಕಾಲದ ಬಹಳಷ್ಟು ಮೋಟಾರುಗಳು ಅದರ ತಾಳಕ್ಕೇ ತಿರುಗುವಂಥವು. ನಿಮಿಷಕ್ಕೆ ಮೂವತ್ತಮೂರು ಚಿಲ್ಲರೆ ಸುತ್ತಬೇಕಾದ ತಟ್ಟೆ ಇಪ್ಪತ್ತೆಂಟೂ ಸುತ್ತಲಿಲ್ಲ. ಐದೂವರೆ ಮನೆಯಲ್ಲಿ ಹಾಡುತ್ತಿದ್ದ ಗಾಯಕಿ ನಾಲ್ಕನೆಯ ಮನೆಗೆ ಇಳಿದು, ನಿದ್ದೆಗಣ್ಣಿನಲ್ಲಿ ಕೀರ್ತನೆ ಎಳೆದಳು. ಇಲ್ಲೇ ತಗೋ. ಪ್ಲೇಟಿನ ಸದ್ದು ವೋಲ್ಟಿನ ಸಾವಿರದ ಕೆಲವು ಭಾಗದಷ್ಟೇ, ಅದಕ್ಕೆ ನಿನ್ನ ಆಂಪ್ಲಿಫಯರಿನಲ್ಲಿ ಫೋನೋ ಅಂತ ಬೇರೆ ತೂತು ಇದೆಯಾ ಅಂತ ಅಂಗಡಿಯವರನ್ನು ಕೇಳು. 78ರ ವೇಗ ಇದೆಯಾ ಅಂತಲೂ ಕೇಳು, ಈಗಿನ ಹಲವುಗಳಲ್ಲಿ ಬರೀ 33 ಮತ್ತು 45 ಇರುತ್ತದೆ. 78ಕ್ಕೆ ಮುಳ್ಳೂ ಬೇರೆ. ಎಲ್‌ಪಿಯ ಸಣ್ಣ ಮುಳ್ಳು ಆ ಅಗಲದ ಗೀರಿನ ತಳಕ್ಕೆ ಇಳಿದು ಬರೀ ಧೂಳನ್ನು ಹಾಡಿಸುತ್ತದೆ.

ಮನೆಗೆ ತಂದ ಮೇಲೆ ಸ್ಪೀಕರುಗಳನ್ನು ಶೋಕೇಸಿನೊಳಗೆ ತುರುಕಬೇಡ, ಮೂಲೆಗೂ ತಳ್ಳಬೇಡ, ಮೂಲೆಯಲ್ಲಿ ಬಾಸು ಊದಿಕೊಳ್ಳುತ್ತದೆ. ಗೋಡೆಯಿಂದ ಒಂದೂವರೆ ಅಡಿ ಮುಂದಿರಲಿ. ಅವೆರಡರ ನಡುವಿನ ದೂರ, ಅವುಗಳಿಂದ ನಿನ್ನ ದೂರ ಹೆಚ್ಚುಕಡಿಮೆ ಒಂದೇ ಇರಲಿ. ಟ್ವೀಟರ್ ಕಿವಿಯ ಎತ್ತರಕ್ಕಿರಬೇಕು, ನೀನು ಚಾಪೆಯ ಮೇಲೆ ಕೂತು ಕೇಳುವವನಾದರೆ ಅಂಗಡಿಯವರ ಎತ್ತರದ ಸ್ಟ್ಯಾಂಡು ನಿನಗಲ್ಲ. ವೈರು ಜೋಡಿಸುವಾಗ ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು. ಒಂದು ಕಡೆ ಅದಲುಬದಲಾದರೂ ಬಾಸು ಮಾಯವಾಗಿ, ದನಿ ನಡುವೆ ನಿಲ್ಲದೆ ಕೋಣೆಯೆಲ್ಲ ಅಲೆಯುತ್ತದೆ. ಸಬ್‌ವೂಫರ್ ಮಾತ್ರ ಬೇಡ ಕಣಪ್ಪ. ತಗ್ಗಿನ ಸದ್ದು ಸ್ಲ್ಯಾಬಿನಲ್ಲಿ ಇಳಿದು ಕೆಳಗಿನ ಮನೆಯ ಮಗುವನ್ನು ಎಬ್ಬಿಸುತ್ತದೆ.

ಆರಿಸಲು ನನ್ನನ್ನು ಕರೆಯಬೇಡ. ಎಪ್ಪತ್ತು ದಾಟಿದ ಕಿವಿ ಮೇಲಿನ ಸದ್ದುಗಳನ್ನು ಎಂದೋ ಬಿಟ್ಟುಕೊಟ್ಟಿದೆ, ತಾಳದ ಕಿಣಿಕಿಣಿ ಈಗ ನನಗೆ ನೆನಪಿನಿಂದ ಕೇಳುತ್ತದೆ. ನಿನ್ನ ಹೆಂಡತಿಯನ್ನು ಕರೆದುಕೊಂಡು ಹೋಗು. ಶನಿವಾರ ಭಾನುವಾರ ಬೇಡ, ಒಂದು ದಿನ ರಜ ಹಾಕಿ ಬುಧವಾರ ಬೆಳಿಗ್ಗೆ ಹೋದರೆ ಅಂಗಡಿ ಖಾಲಿ ಇರುತ್ತದೆ. ಮೊದಲ ದಿನವೇ ದುಡ್ಡು ಕೊಡಬೇಡ.

ಸೆಟ್ಟು ಕೂತ ಮೇಲೆ ಒಂದು ಸಲ ಇಲ್ಲಿಗೆ ಬಾ. ನಿಮ್ಮ ತಾತನ 78ರ ಪ್ಲೇಟುಗಳನ್ನು ಅಟ್ಟದಿಂದ ಇಳಿಸಿ ಒರೆಸಿಟ್ಟಿದ್ದೇನೆ. ಕಾರಿನಲ್ಲೇ ಬಾ, ಬಸ್ಸಿನಲ್ಲಿ ಬೇಡ. ಅರಗಿನ ಪ್ಲೇಟು, ಬಿದ್ದರೆ ಹಪ್ಪಳ. ಒಂದರ ಮೇಲೊಂದು ಮಲಗಿಸಬೇಡ, ನಿಲ್ಲಿಸಿಕೊಂಡು ಹೋಗು.