ಗ್ಯಾಸ್ ತುಂಬಿತ್ತು, ಬ್ಯಾಟರಿ ಖಾಲಿ

ಅರಿಜೋನಾದ ಕ್ವಾರ್ಟ್‌ಸೈಟ್ ಮರುಭೂಮಿಯಲ್ಲಿ ರಾತ್ರಿ ಮೂರು ಗಂಟೆಗೆ ಚಳಿಯಿಂದ ಎಚ್ಚರವಾಯಿತು. 2022ರ ಜನವರಿ. ಗಂಡ ಹೆಂಡತಿ ಇಬ್ಬರೂ 25 ಅಡಿ ಉದ್ದದ ಬಾಡಿಗೆ ಮೋಟರ್‌ಹೋಮಿನಲ್ಲಿ ಮಲಗಿದ್ದೆವು. ಹೀಟರ್ ನಿಂತುಹೋಗಿತ್ತು. ಇವರು ಟಾರ್ಚ್ ಹಿಡಿದು ಗೋಡೆಯ ಮೇಲಿನ ಫಲಕ ನೋಡಿದರು. ಪ್ರೊಪೇನ್ ಮುಕ್ಕಾಲು ಪಾಲು ಇದೆ, ಬ್ಯಾಟರಿಯ ದೀಪ ಮಾತ್ರ ತಳದ ಗೆರೆಗೆ ಇಳಿದಿದೆ. ಹೀಟರ್ ಉರಿಯುವುದು ಗ್ಯಾಸಿನಿಂದಲೇ, ಆದರೆ ಬಿಸಿಗಾಳಿ ನೂಕುವ ಫ್ಯಾನು ತಿರುಗುವುದು ಬ್ಯಾಟರಿಯಿಂದ. ಫ್ಯಾನು ತಿರುಗದಿದ್ದರೆ ಹೀಟರ್ ಹೊತ್ತಿಕೊಳ್ಳುವುದೇ ಇಲ್ಲ. ಬೆಳಿಗ್ಗೆ ಆರರವರೆಗೆ ಅಲ್ಲಿ ಜನರೇಟರ್ ಹಚ್ಚುವಂತಿಲ್ಲ. ಇದ್ದಬದ್ದ ಕಂಬಳಿಗಳನ್ನೆಲ್ಲ ಹೊದ್ದು ಕೂತೆವು. ಆ ಮೂರು ಗಂಟೆ ನನ್ನ ತಲೆಯಲ್ಲಿ ಸುಳಿದದ್ದು 2020ರ ಏಪ್ರಿಲ್ ತಿಂಗಳು.

ನಾವಿರುವುದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ. ಇಲ್ಲಿನ ಆರು ಕೌಂಟಿಗಳಲ್ಲಿ 2020ರ ಮಾರ್ಚ್ 17ರಿಂದ ಮನೆಯಲ್ಲೇ ಇರಬೇಕೆಂಬ ಆದೇಶ ಬಂತು. ಏಪ್ರಿಲ್‌ನಲ್ಲಿ ನನ್ನ ಕೆಲಸದ ಗಂಟೆಗಳು ಅರ್ಧಕ್ಕಿಳಿದವು, ಸಂಬಳವೂ ಅಷ್ಟೇ. ಇಪ್ಪತ್ತು ವರ್ಷ ದುಡಿದಿದ್ದೆವು. ಸ್ವಂತ ಮನೆಯಿತ್ತು, ನಿವೃತ್ತಿಗೆಂದು 401(ಕೆ) ಖಾತೆಯಿತ್ತು. ಕೈಗೆ ಸಿಗುವ ನಗದು ಮಾತ್ರ ಎರಡು ತಿಂಗಳ ಖರ್ಚಿನಷ್ಟು. ಐವತ್ತೊಂಬತ್ತೂವರೆ ವಯಸ್ಸಿಗೆ ಮೊದಲು 401(ಕೆ)ಯಿಂದ ಹಣ ತೆಗೆದರೆ ಸಾಮಾನ್ಯವಾಗಿ ತೆರಿಗೆಯ ಜೊತೆಗೆ ತೆಗೆದ ಹಣದ ಶೇ 10ರಷ್ಟು ದಂಡ. ಕೊರೊನಾದಿಂದ ಪೆಟ್ಟು ತಿಂದವರಿಗೆ ಆ ವರ್ಷ ದಂಡ ಮಾಫಿಯಾಗಿತ್ತು, ನಿಜ. ಆದರೆ ಫೆಬ್ರವರಿ 19ರಿಂದ ಮಾರ್ಚ್ 23ರೊಳಗೆ ಇಲ್ಲಿನ ಷೇರುಪೇಟೆಯ ಎಸ್ ಅಂಡ್ ಪಿ 500 ಸೂಚ್ಯಂಕ ಮೂರನೇ ಒಂದು ಪಾಲು ಕುಸಿದಿತ್ತು. ಖಾತೆಯಲ್ಲಿದ್ದ ಹೂಡಿಕೆಯನ್ನು ಆಗ ಮಾರಿದ್ದರೆ ನಷ್ಟವನ್ನು ನಾವೇ ಖಾಯಂ ಮಾಡಿಕೊಂಡಂತೆ ಆಗುತ್ತಿತ್ತು. ಮಾರಲಿಲ್ಲ, ಆಗಸ್ಟ್ ಹೊತ್ತಿಗೆ ಸೂಚ್ಯಂಕ ಹಳೆಯ ಮಟ್ಟಕ್ಕೆ ಬಂತು. ಆದರೂ ಆ ಐದು ತಿಂಗಳು ನಾನು ನೆಮ್ಮದಿಯಾಗಿ ನಿದ್ದೆ ಮಾಡಿದ್ದು ನೆನಪಿಲ್ಲ.

ನಮ್ಮನ್ನು ಕಾಪಾಡಿದ್ದು ಮನೆಯ ಮೌನ. ಇವರು ದಿನಾ ಡಂಬಾರ್ಟನ್ ಸೇತುವೆ ದಾಟಿ ಕೆಲಸಕ್ಕೆ ಹೋಗುತ್ತಿದ್ದರು, ಅದಕ್ಕೆ ದಿನಕ್ಕೆ 6 ಡಾಲರ್ ಟೋಲ್. ಆಗ ಊಟದ ಮೇಜೇ ಆಫೀಸಾಯಿತು. ಬೆಳಿಗ್ಗೆ ಬಿಸಿ ಉಪ್ಪಿಟ್ಟು, ಸಂಜೆ ಇಬ್ಬರೂ ಒಂದು ಸುತ್ತು ನಡಿಗೆ, ಹಿತ್ತಲ ಕುಂಡದಲ್ಲಿ ಬಿತ್ತಿದ ಮೆಂತ್ಯ. ಇವರ ಕೂದಲು ಕತ್ತರಿಸುವುದನ್ನೂ ಕಲಿತೆ. ಖರ್ಚಿನ ಪುಸ್ತಕ ತೆರೆದು 2019ರ ಸರಾಸರಿಯ ಪಕ್ಕದಲ್ಲಿ ಹೊಸ ಅಂಕಿಗಳನ್ನು ಬರೆದೆ. ಹೊರಗಿನ ಊಟ 520ರಿಂದ 60 ಡಾಲರ್‌ಗೆ, ಪೆಟ್ರೋಲ್ ಮತ್ತು ಟೋಲ್ 380ರಿಂದ 45ಕ್ಕೆ, ಬಟ್ಟೆ, ಸಿನಿಮಾ, ಚಿಲ್ಲರೆ ಖರೀದಿ 450ರಿಂದ 80ಕ್ಕೆ ಇಳಿದಿದ್ದವು. ದಿನಸಿ ಮತ್ತು ಕರೆಂಟಿಗೆ 260 ಹೆಚ್ಚಾಗಿತ್ತು. ಎಲ್ಲ ಕಳೆದು ಕೂಡಿದರೆ ತಿಂಗಳಿಗೆ 905 ಡಾಲರ್ ಕಡಿಮೆ ಖರ್ಚು.

ಸೆಪ್ಟೆಂಬರ್‌ನಲ್ಲಿ ನನ್ನ ಪೂರ್ತಿ ಸಂಬಳ ಮರಳಿತು. ಡಿಸೆಂಬರ್ ಕೊನೆಗೆ 3,600 ಡಾಲರ್ ಉಳಿದಿರಬೇಕಿತ್ತು. ನೋಡಿದರೆ ಇದ್ದದ್ದು 1,400. ಉಳಿದದ್ದು ಬಾಗಿಲಿಗೆ ಬರುತ್ತಿದ್ದ ಪಾರ್ಸೆಲ್‌ಗಳಾಗಿತ್ತು. ಖರ್ಚಾಗದ ಹಣ ತಾನಾಗಿ ಉಳಿತಾಯವಾಗುವುದಿಲ್ಲ ಎಂದು ನಾನು ಕಲಿತದ್ದು ಹೀಗೆ. 2021ರ ಜನವರಿಯಿಂದ ಸಂಬಳದ ದಿನವೇ 900 ಡಾಲರ್ ಬೇರೆ ಬ್ಯಾಂಕಿನ ಖಾತೆಗೆ ಹೋಗುವಂತೆ ಮಾಡಿದೆವು. ಬಡ್ಡಿ ಹೆಸರಿಗಷ್ಟೇ ಇತ್ತು, ಅದರ ಬಗ್ಗೆ ಚಿಂತಿಸಲಿಲ್ಲ. ವರ್ಷದ ಕೊನೆಗೆ 10,800 ಡಾಲರ್ ಸೇರಿ ಎರಡು ತಿಂಗಳ ನಗದು ನಾಲ್ಕೂವರೆ ತಿಂಗಳಿನದಾಯಿತು.

ಅದೇ ವರ್ಷ ಮೇ ತಿಂಗಳಲ್ಲಿ, ಎರಡನೇ ಅಲೆಯ ನಡುವೆ, ಮೈಸೂರಿನಿಂದ ಅಣ್ಣನ ಫೋನು ಬಂತು. ಅತ್ತಿಗೆಯನ್ನು ಆಸ್ಪತ್ರೆಗೆ ಸೇರಿಸಬೇಕು, ಮುಂಗಡ ಕಟ್ಟಬೇಕು. ಅವನ ಹೆಸರಿನಲ್ಲಿ ಎರಡು ಸೈಟುಗಳಿದ್ದವು. ಲಾಕ್‌ಡೌನ್ ವಾರದಲ್ಲಿ ಸೈಟು ಕೊಳ್ಳುವವರು ಯಾರು? ಅತ್ತಿಗೆಯ ಬಳೆಗಳನ್ನು ಅಡವಿಟ್ಟ, ಉಳಿದದ್ದನ್ನು ನಾವು ಕಳಿಸಿದೆವು. ಅತ್ತಿಗೆ ಗುಣವಾಗಿ ಮನೆಗೆ ಬಂದರು. ಆದರೆ ಆ ರಾತ್ರಿ ಅಣ್ಣನ ದನಿಯಲ್ಲಿದ್ದ ಅಸಹಾಯಕತೆ ನನಗೆ ಹೊಸದಾಗಿರಲಿಲ್ಲ.

ಮೋಟರ್‌ಹೋಮಿನ ಆಸೆ ಹುಟ್ಟಿದ್ದೂ ಆ ಬೇಸಿಗೆಯಲ್ಲೇ. ಆಗ ಅಮೆರಿಕದಲ್ಲಿ ಎಲ್ಲರಿಗೂ ಅದೇ ಆಸೆ. 2021ರಲ್ಲಿ ಇಲ್ಲಿನ ಕಾರ್ಖಾನೆಗಳಿಂದ ದಾಖಲೆಯ 6 ಲಕ್ಷ ಮನೆಗಾಡಿಗಳು, ಅಂದರೆ ಆರ್‌ವಿಗಳು ಹೊರಬಿದ್ದವು. ನಾವೂ 90,000 ಡಾಲರಿನ ಒಂದನ್ನು ನೋಡಿ ಬಂದೆವು. ಮನೆಗೆ ಬಂದು ವರ್ಷದ ಲೆಕ್ಕ ಬರೆದೆ: ಸವಕಳಿ 9,000, ಸಾಲದ ಬಡ್ಡಿ 3,500, ನಿಲ್ಲಿಸುವ ಜಾಗದ ಬಾಡಿಗೆ 2,400, ವಿಮೆ 1,200. ಒಟ್ಟು 16,100. ನಮಗೆ ಸಿಗುವ ರಜೆ ವರ್ಷಕ್ಕೆ ಮೂರು ವಾರ. ಅಂದರೆ ರಾತ್ರಿಗೆ 767 ಡಾಲರ್, ಅದೂ ಪೆಟ್ರೋಲ್ ಹಾಕುವ ಮೊದಲೇ. ಕೊಳ್ಳಲಿಲ್ಲ. 2023ರಲ್ಲಿ ಆರ್‌ವಿಗಳ ಉತ್ಪಾದನೆ ಸುಮಾರು 3 ಲಕ್ಷಕ್ಕೆ ಇಳಿಯಿತು ಎಂದು ಓದಿದಾಗ ಆ ಹಾಳೆಯನ್ನು ಮತ್ತೆ ತೆಗೆದು ನೋಡಿದೆ.

2021ರ ಆ ಚಳಿಗಾಲ ಊರಿಗೆ ಹೋಗುವ ಯೋಚನೆಯಿತ್ತು. ಒಮಿಕ್ರಾನ್ ಬಂತು. 2022ರ ಜನವರಿ 11ರಿಂದ ಭಾರತಕ್ಕೆ ಬಂದಿಳಿದವರೆಲ್ಲ ಏಳು ದಿನ ಮನೆಯಲ್ಲೇ ಪ್ರತ್ಯೇಕವಾಗಿರಬೇಕೆಂಬ ನಿಯಮ ಬಂತು. ವಯಸ್ಸಾದ ಅಮ್ಮನ ಮನೆಗೆ ಸೋಂಕು ಹೊತ್ತು ಹೋಗುವ ಧೈರ್ಯ ನಮಗಿರಲಿಲ್ಲ. ಪ್ರಯಾಣಕ್ಕೆಂದೇ ಬೇರೆ ಇಟ್ಟಿದ್ದ 4,500 ಡಾಲರಿನಲ್ಲಿ ಹದಿನಾರು ರಾತ್ರಿಗೆ ಮೋಟರ್‌ಹೋಮ್ ಬಾಡಿಗೆಗೆ ಪಡೆದೆವು. ಜನವರಿಯಲ್ಲಿ ದರ ಕಡಿಮೆ. ಜೋಶುವಾ ಟ್ರೀ, ಕ್ವಾರ್ಟ್‌ಸೈಟ್, ಆಂಜಾ ಬೊರೆಗೊ ಮರುಭೂಮಿಗಳನ್ನು ಸುತ್ತಿ 1,500 ಮೈಲಿ ಓಡಿಸಿದೆವು. ಬಾಡಿಗೆ, ವಿಮೆ, ಮೈಲಿ ಶುಲ್ಕ ಸೇರಿ 3,000, ಪೆಟ್ರೋಲ್ 750, ತಂಗುವ ಜಾಗಗಳಿಗೆ 310, ಊಟಕ್ಕೆ 340. ರಾತ್ರಿಗೆ 275 ಡಾಲರ್ ಬಿತ್ತು.

ಕ್ವಾರ್ಟ್‌ಸೈಟ್‌ನ ಲಾ ಪೋಸಾದಲ್ಲಿ ಸರ್ಕಾರಿ ಜಮೀನಿನಲ್ಲಿ ಹದಿನಾಲ್ಕು ದಿನ ತಂಗಲು ಆಗ 40 ಡಾಲರ್ ಕೊಡಬೇಕಿತ್ತು. ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ ಪೂರ್ತಿ ಇರುವುದಾದರೆ 180. ಉತ್ತರದ ಹಿಮದಿಂದ ತಪ್ಪಿಸಿಕೊಂಡು ಬಂದ ನಿವೃತ್ತರು ಅಲ್ಲಿ ಇಡೀ ಚಳಿಗಾಲ ಕಳೆಯುತ್ತಾರೆ. ಕರೆಂಟಿನ ಸಂಪರ್ಕವಿಲ್ಲ, ಗಾಡಿಗೆ ನಲ್ಲಿಯಿಲ್ಲ. ನಮ್ಮ ಟ್ಯಾಂಕಿನಲ್ಲಿದ್ದ 40 ಗ್ಯಾಲನ್ ನೀರು, ಅಂದರೆ ಸುಮಾರು 150 ಲೀಟರ್, ಐದು ದಿನ ಬಂತು. ಅಜ್ಜಿಯ ಮನೆಯಲ್ಲಿ ಸೇದಿ ತಂದ ನೀರನ್ನು ಚೊಂಬಿನ ಲೆಕ್ಕದಲ್ಲಿ ಬಳಸುತ್ತಿದ್ದ ಕೈಗಳಿಗೆ ಆ ಅಭ್ಯಾಸ ಬೇಗ ಮರಳಿತು.

ಹೀಟರ್ ನಿಂತ ರಾತ್ರಿಯ ಮರುದಿನ ಎದುರಿನ ಗಾಡಿಯ ಹಿರಿಯರೊಬ್ಬರು ದಾರಿ ಹೇಳಿಕೊಟ್ಟರು. ಸಂಜೆ ಒಂದೆರಡು ಗಂಟೆ ಜನರೇಟರ್ ಓಡಿಸಿ ಬ್ಯಾಟರಿ ತುಂಬಿಸಿ, ಮಲಗುವಾಗ ಹೀಟರ್ ತಗ್ಗಿಸಿ, ದಿನಕ್ಕೆರಡು ಸಲ ಫಲಕ ನೋಡಿ. ಮುಂದಿನ ರಾತ್ರಿಗಳಲ್ಲಿ ಚಳಿ ನಮ್ಮನ್ನು ಎಬ್ಬಿಸಲಿಲ್ಲ.

ಈಗ ನಮ್ಮ ಫ್ರಿಜ್ಜಿನ ಬಾಗಿಲ ಮೇಲೆ ಅಂಥದೇ ಒಂದು ಫಲಕವಿದೆ, ಒಂದು ಹಾಳೆಯಲ್ಲಿ ಮೂರು ಸಾಲು. ಎರಡು ದಿನದೊಳಗೆ ಕೈಗೆ ಬರುವ ಹಣ. ಎರಡು ವರ್ಷದೊಳಗೆ ಬೇಕಾಗುವ ಹಣ. ನಿವೃತ್ತಿಯವರೆಗೆ ಮುಟ್ಟದ ಹಣ. ಮೊದಲ ಸಾಲನ್ನು ಡಾಲರಿನಲ್ಲಿ ಬರೆಯುವುದಿಲ್ಲ, ಎಷ್ಟು ತಿಂಗಳು ನಡೆಯುತ್ತದೆ ಎಂದು ಬರೆಯುತ್ತೇನೆ. ಅದು ಆರಕ್ಕೆ ಮುಟ್ಟುವವರೆಗೆ ಮೂರನೆಯದಕ್ಕೆ 401(ಕೆ)ಗೆ ಕಂಪನಿ ಸೇರಿಸುವ ಪಾಲು ಪೂರ್ತಿ ಸಿಗಲು ಬೇಕಾದಷ್ಟನ್ನೇ ಹಾಕಿದೆವು. ನಿಮ್ಮ ಆಸ್ತಿ ಸೈಟಾಗಿರಲಿ, ಚಿನ್ನವಾಗಿರಲಿ, ಪಿಪಿಎಫ್ ಆಗಿರಲಿ, ಈ ಮೊದಲ ಸಾಲನ್ನು ಇವತ್ತೇ ಬರೆದು ನೋಡಿ.

ಹೋದ ವರ್ಷ ಅಣ್ಣನಿಗೂ ಇದನ್ನೇ ಹೇಳಿದೆ. ಒಂದು ಸೈಟು ಮಾರಿದ. ಬಂದ ಹಣದಲ್ಲಿ ಮೊದಲು ಅತ್ತಿಗೆಯ ಬಳೆ ಬಿಡಿಸಿ, ಆರು ತಿಂಗಳ ಖರ್ಚನ್ನು ಅವರ ಹೆಸರಿನಲ್ಲೇ ಠೇವಣಿ ಇಟ್ಟ.