ಐದು ಬಿಟ್ಟಿನಲ್ಲಿ ಹಿಡಿಸದ ಕನ್ನಡ: ಸುದ್ದಿಸಂಸ್ಥೆಗಳ ಒಂದು ಚರಿತ್ರೆ

ದಿನಪತ್ರಿಕೆಯ ಸುದ್ದಿಯಲ್ಲಿ ಸಣ್ಣಕ್ಷರದಲ್ಲಿ ‘ಪಿಟಿಐ’ ಅಂತ ಇರುತ್ತೆ. ನಾವು ಅದನ್ನ ನೋಡಿಯೂ ನೋಡದ ಹಾಗೆ ಮುಂದೆ ಹೋಗ್ತೀವಿ. ಅದು ಸುದ್ದಿಸಂಸ್ಥೆಯ ಹೆಸರು. ಸುದ್ದಿಸಂಸ್ಥೆ ಅಂದ್ರೆ ಪತ್ರಿಕೆಗಳಿಗೆ ಸುದ್ದಿ ಒದಗಿಸುವ ಸಗಟು ಅಂಗಡಿ. ಪ್ರತಿ ಪತ್ರಿಕೆಯೂ ಊರೂರಿನಲ್ಲಿ ವರದಿಗಾರರನ್ನು ಇಡೋಕೆ ಆಗಲ್ಲ. ಹಾಗಾಗಿ ಒಂದು ಸಂಸ್ಥೆ ಬರೆದದ್ದನ್ನು ನೂರಾರು ಪತ್ರಿಕೆಗಳು ದುಡ್ಡು ಕೊಟ್ಟು ಹಂಚಿಕೊಳ್ಳುತ್ತವೆ. ಪ್ರಶ್ನೆ ಏನು ಅಂದ್ರೆ, ಆ ಸುದ್ದಿ ಯಾವ ಭಾಷೆಯಲ್ಲಿ ಬರ್ತಿತ್ತು?

ಪಿಟಿಐ 1947ರ ಆಗಸ್ಟ್‌ನಲ್ಲಿ ಮದರಾಸಿನಲ್ಲಿ ನೋಂದಣಿಯಾಗಿ, 1949ರ ಫೆಬ್ರವರಿಯಲ್ಲಿ ಕೆಲಸ ಶುರುಮಾಡಿತು. ಯುಎನ್‌ಐ ಬಂದಿದ್ದು 1961ರಲ್ಲಿ. ಎರಡೂ ಇಂಗ್ಲಿಷಿನಲ್ಲಿ ಸುದ್ದಿ ಕಳಿಸುತ್ತಿದ್ದವು. ‘ಪ್ರಜಾವಾಣಿ’ 1948ರಲ್ಲೇ ಹುಟ್ಟಿತ್ತು, ಅದಕ್ಕೂ ಹಳೆಯ ಕನ್ನಡ ಪತ್ರಿಕೆಗಳೂ ಇದ್ದವು. ಆದರೆ ಅಲ್ಲಿನ ಉಪಸಂಪಾದಕರ ರಾತ್ರಿಪಾಳಿಯ ದೊಡ್ಡ ಕೆಲಸ ಅನುವಾದ.

ಇದಕ್ಕೆ ಇಂಗ್ಲಿಷ್ ವ್ಯಾಮೋಹ ಅಂತ ಒಂದೇ ಮಾತಲ್ಲಿ ಹೇಳಿಬಿಡಬಹುದು. ನಮಗೆ ಅದು ಅರ್ಧ ಉತ್ತರ ಅನ್ನಿಸುತ್ತೆ. ಉಳಿದ ಅರ್ಧ ನಮ್ಮ ಸಿಲಬಸ್ಸಿನಲ್ಲೇ ಇದೆ. ಟೆಲಿಪ್ರಿಂಟರ್ ಬಳಸುತ್ತಿದ್ದದ್ದು ಐದು ಬಿಟ್ಟಿನ ಕೋಡ್. ಎರಡರ ಐದನೇ ಘಾತ, ಅಂದ್ರೆ 32 ಸಂಕೇತ. ಅಕ್ಷರಕ್ಕೊಂದು, ಅಂಕಿಗೊಂದು ಶಿಫ್ಟ್ ಇಟ್ಟು ಅದನ್ನೇ ಎರಡು ಸಲ ಬಳಸಿದರೂ 60ರ ಆಸುಪಾಸು. ಇಂಗ್ಲಿಷಿನ 26 ಅಕ್ಷರಕ್ಕೆ ಅದು ಧಾರಾಳ. ಕನ್ನಡದ ವರ್ಣಮಾಲೆಯೇ 49. ಆಮೇಲೆ ಕಾಗುಣಿತ, ಆಮೇಲೆ ಒತ್ತಕ್ಷರ.

ಸರಿ, ಬಿಟ್ ಜಾಸ್ತಿ ಮಾಡಿದ್ರೆ ಆಯ್ತಲ್ವಾ ಅಂತ ಕೇಳಬಹುದು. ಆಗಲ್ಲ. ಟೆಲಿಪ್ರಿಂಟರ್ ಒಂದು ಯಾಂತ್ರಿಕ ಯಂತ್ರ: ಒಂದು ಸಂಕೇತ ಬಂದರೆ ಒಂದು ಅಚ್ಚು ಕಾಗದಕ್ಕೆ ಬಡಿಯುತ್ತೆ, ಒಂದು ಹೆಜ್ಜೆ ಮುಂದೆ ಸರಿಯುತ್ತೆ. ದೇವನಾಗರಿಯಲ್ಲಿ ಅರ್ಧಾಕ್ಷರಗಳು ಬಹುತೇಕ ಪಕ್ಕಪಕ್ಕ ಕೂರುತ್ತವೆ. ನಮ್ಮ ಒತ್ತು ಕೆಳಗೆ ಇಳಿಯುತ್ತೆ, ಗುಣಿತ ಮೇಲೆ ಹತ್ತುತ್ತೆ. ಒಂದೇ ಸಾಲಿನಲ್ಲಿ ಮುಂದೆ ಹೋಗೋದಷ್ಟೇ ಗೊತ್ತಿರುವ ಯಂತ್ರಕ್ಕೆ ಇದು ಕಷ್ಟ.

ಇದರಿಂದ ಆದ ನಷ್ಟ ಎಂಥದ್ದು ಅಂತ ನಮ್ಮ ಜಿಲ್ಲೆಯಲ್ಲೇ ನೋಡಬಹುದು. ಕುಣಿಗಲ್ ಅನ್ನೋ ಹೆಸರು ರೋಮನ್ ಅಕ್ಷರಕ್ಕೆ ಹೋದ ತಕ್ಷಣ ‘ಣ’ ಮತ್ತು ‘ನ’ ಒಂದೇ ಆಗುತ್ತೆ. ಗುಬ್ಬಿ ತಾಲ್ಲೂಕಿನ ಚೇಳೂರಿನ ‘ಳ’ ಕೂಡ ‘ಲ’ ಆಗುತ್ತೆ. ಊರು ಗೊತ್ತಿಲ್ಲದ ಅನುವಾದಕ ವಾಪಸ್ ಕನ್ನಡಕ್ಕೆ ತಂದರೆ ‘ಚೆಲೂರು’ ಅಂತಲೂ ಬರೆಯಬಹುದು, ತಪ್ಪು ಅವರದ್ದಲ್ಲ. ಲಾಸಿ ಕಂಪ್ರೆಷನ್ ಅಂತ ನಾವು ಓದ್ತೀವಲ್ಲ, ಇದೇ ಅದು. ಕಳೆದುಹೋದ ಮಾಹಿತಿ ಆಮೇಲೆ ಹುಡುಕಿದರೂ ಸಿಗಲ್ಲ. (ಗುಬ್ಬಿಯ ಕಡಬವೋ ದಕ್ಷಿಣ ಕನ್ನಡದ ಕಡಬವೋ ಅನ್ನೋ ಗೊಂದಲಕ್ಕೆ ಮಾತ್ರ ಕನ್ನಡ ಲಿಪಿಯೂ ಪರಿಹಾರ ಕೊಡಲ್ಲ!)

ಭಾರತೀಯ ಭಾಷೆಗಳಲ್ಲೇ ಸುದ್ದಿ ಕೊಡಬೇಕು ಅಂತ ಹೊರಟ ಮೊದಲ ಸಂಸ್ಥೆ ಹಿಂದೂಸ್ಥಾನ್ ಸಮಾಚಾರ್. 1948ರಲ್ಲಿ ಎಸ್.ಎಸ್. ಆಪ್ಟೆ ಇದನ್ನು ಕಟ್ಟಿದರು. 1954ರಲ್ಲಿ ದೇವನಾಗರಿ ಟೆಲಿಪ್ರಿಂಟರ್ ಬಳಕೆಗೆ ತಂದರು. 1960ರ ದಶಕದಲ್ಲಿ ಸಮಾಚಾರ್ ಭಾರತಿ ಅಂತ ಇನ್ನೊಂದು ಬಹುಭಾಷಾ ಸಂಸ್ಥೆ ಸೇರಿತು. ಎರಡಕ್ಕೂ ದುಡ್ಡಿನ ಕೊರತೆ ಇದ್ದೇ ಇತ್ತು. ಅವುಗಳ ಗ್ರಾಹಕರು ಸಣ್ಣ ಭಾಷಾ ಪತ್ರಿಕೆಗಳು.

ಆಮೇಲೆ ತುರ್ತುಪರಿಸ್ಥಿತಿ. 1976ರ ಆರಂಭದಲ್ಲಿ ಪಿಟಿಐ, ಯುಎನ್‌ಐ, ಹಿಂದೂಸ್ಥಾನ್ ಸಮಾಚಾರ್, ಸಮಾಚಾರ್ ಭಾರತಿ ನಾಲ್ಕನ್ನೂ ಸೇರಿಸಿ ‘ಸಮಾಚಾರ್’ ಅಂತ ಒಂದೇ ಸಂಸ್ಥೆ ಮಾಡಲಾಯಿತು. ಏಜೆನ್ಸಿಗಳ ದೊಡ್ಡ ಗ್ರಾಹಕ ಸರ್ಕಾರದ ಆಕಾಶವಾಣಿ, ಟೆಲಿಪ್ರಿಂಟರ್ ಲೈನುಗಳು ಸರ್ಕಾರದ ಅಂಚೆ ತಂತಿ ಇಲಾಖೆಯವು. ಬೇಡ ಅನ್ನೋ ಧೈರ್ಯ ಯಾರಿಗೆ ಬರುತ್ತೆ? ನಾಲ್ಕು ನಲ್ಲಿ ಇದ್ದ ಕಡೆ ಒಂದೇ ನಲ್ಲಿ. ತಿರುಗಿಸೋ ಕೈಯೂ ಒಂದೇ. 1977ರಲ್ಲಿ ಸರ್ಕಾರ ಬದಲಾದ ಮೇಲೆ ಕುಲದೀಪ್ ನಯ್ಯರ್ ಸಮಿತಿ ಒಂದು ಒಳ್ಳೆ ಮಾತು ಹೇಳಿತ್ತು: ಭಾರತೀಯ ಭಾಷೆಗಳಿಗೆ ‘ವಾರ್ತಾ’, ಇಂಗ್ಲಿಷಿಗೆ ‘ಸಂದೇಶ್’ ಅಂತ ಬೇರೆ ಬೇರೆ ಸಂಸ್ಥೆ ಇರಲಿ ಅಂತ. ಸರ್ಕಾರ ಒಪ್ಪಲಿಲ್ಲ. 1978ರ ಏಪ್ರಿಲ್ 14ಕ್ಕೆ ನಾಲ್ಕೂ ಮೊದಲಿನ ಹಾಗೇ ಬೇರೆಯಾದವು. ಕನ್ನಡಕ್ಕೆ ತಪ್ಪಿದ ದೊಡ್ಡ ಅವಕಾಶ ಇದೇ ಅನ್ನೋದು ನಮ್ಮ ಅಭಿಪ್ರಾಯ. ಬಹುಭಾಷಾ ಸಂಸ್ಥೆಗಳೆರಡೂ 1980ರ ದಶಕದಲ್ಲಿ ನೆಲಕಚ್ಚಿದವು (ಹಿಂದೂಸ್ಥಾನ್ ಸಮಾಚಾರ್ ಮತ್ತೆ ಎದ್ದಿದ್ದು 2000ದ ನಂತರ). ದೊಡ್ಡ ಸಂಸ್ಥೆಗಳು 1982ರಲ್ಲಿ ಯೂನಿವಾರ್ತಾ, 1986ರಲ್ಲಿ ಪಿಟಿಐ ಭಾಷಾ ಶುರುಮಾಡಿದವು. ಎರಡೂ ಹಿಂದಿ. ಯುಎನ್‌ಐ ಕನ್ನಡದ ಕಡೆ ಬಂದಿದ್ದು ಅದಾಗಿ ಎಷ್ಟೋ ವರ್ಷಕ್ಕೆ.

ದುಡ್ಡಿಲ್ಲದೆ ಬಹುಭಾಷೆ ಸಾಧ್ಯವೇ ಇಲ್ಲ ಅಂತಲ್ಲ. ಪಶ್ಚಿಮ ಸಹಾರಾದ ಸಹ್ರಾವಿ ಜನ ಅಲ್ಜೀರಿಯಾದ ತಿಂದೂಫ್ ಹತ್ತಿರ ನಿರಾಶ್ರಿತರ ಶಿಬಿರಗಳಲ್ಲಿದ್ದಾರೆ. 1999ರಲ್ಲಿ ಶುರುವಾದ ಅವರ ಸಹಾರಾ ಪ್ರೆಸ್ ಸರ್ವಿಸ್ ಅರೇಬಿಕ್, ಸ್ಪ್ಯಾನಿಷ್, ಫ್ರೆಂಚ್, ಇಂಗ್ಲಿಷಿನಲ್ಲಿ ಸುದ್ದಿ ಕೊಡ್ತಾ ಬಂದಿದೆ. ಅರೇಬಿಕ್ ತಮ್ಮವರಿಗೆ, ಉಳಿದವು ತಮ್ಮ ಮಾತು ಕೇಳಬೇಕಾದ ಹೊರಗಿನವರಿಗೆ. ಅವರ ಸಮಸ್ಯೆ ನಮ್ಮದಕ್ಕೆ ತದ್ವಿರುದ್ಧ.

ಇನ್ನು ತಂತ್ರಜ್ಞಾನದ ಅಡ್ಡಿ ಹೋಗಿದ್ದು ಒಂದು ಸರಳ ಯೋಚನೆಯಿಂದ: ಆಕಾರ ಕಳಿಸಬೇಡಿ, ಉಚ್ಚಾರಣೆಯ ಕ್ರಮ ಕಳಿಸಿ, ಆಕಾರವನ್ನ ಆ ಕಡೆಯ ಯಂತ್ರ ನೋಡಿಕೊಳ್ಳಲಿ. 1991ರ ಇಸ್ಕಿ ಮಾನದಂಡ, ಯೂನಿಕೋಡ್ ಎರಡೂ ಇದರ ಮೇಲೇ ನಿಂತಿವೆ. ಕೆ.ಪಿ. ರಾವ್ ರೂಪಿಸಿದ, ‘ನುಡಿ’ಯಲ್ಲಿ ನಾವು ಬಳಸುವ ಕೀಲಿಮಣೆ ವಿನ್ಯಾಸದ ಹಿಂದೆಯೂ ಇದೇ ತರ್ಕ. ಯೂನಿಕೋಡ್‌ನಲ್ಲಿ ಇಡೀ ಕನ್ನಡಕ್ಕೆ ಮೀಸಲಿಟ್ಟಿದ್ದು ಬರೀ 128 ಸ್ಥಾನ, ಅದರಲ್ಲೂ ಖಾಲಿ ಉಳಿದಿವೆ. ನಂಬಿಕೆ ಬರದಿದ್ದರೆ ಫೋನಿನಲ್ಲಿ ‘ಕ್ಷ’ ಟೈಪ್ ಮಾಡಿ ಒಂದು ಸಲ ಬ್ಯಾಕ್‌ಸ್ಪೇಸ್ ಒತ್ತಿ. ಸಾಮಾನ್ಯವಾಗಿ ‘ಷ’ ಮಾತ್ರ ಹೋಗಿ ‘ಕ್’ ಉಳಿಯುತ್ತೆ.