ಜೊತೆಗೊಬ್ಬರು ಇರಲಿ

ಚಿಕ್ಕಬಳ್ಳಾಪುರವಾಗಲಿ, ಚಿಂತಾಮಣಿಯಾಗಲಿ, ಶಿಡ್ಲಘಟ್ಟ, ಗೌರಿಬಿದನೂರು ಆಗಲಿ. ನಾವು ನಾಲ್ಕು ಜನ ಹೆಂಗಸರು ಸೇರಿದರೆ ಹೆರಿಗೆಯ ಮಾತು ಬಂದೇ ಬರುತ್ತೆ.

"ನಮ್ಮಮ್ಮನ್ನ ಹೊರಗೆ ನಿಲ್ಲಿಸಿದ್ರು. ಒಳಗೆ ನಾನೊಬ್ಬಳೇ. ಕೂಗಿದ್ರೆ ಬೈದ್ರು."

ಇದು ನಮ್ಮಲ್ಲಿ ಎಷ್ಟೋ ಜನರ ಕತೆ.

ಹಿಂದೆ ಹೆರಿಗೆ ಮನೆಯಲ್ಲೇ ಆಗುತ್ತಿತ್ತು. ನೋವು ಶುರುವಾದರೆ ಸೂಲಗಿತ್ತಿ ಬಂದು ಪಕ್ಕದಲ್ಲಿ ಕೂರುತ್ತಿದ್ದಳು. ಮಗು ಹುಟ್ಟುವವರೆಗೂ ಏಳುತ್ತಿರಲಿಲ್ಲ. ಪಕ್ಕದ ತುಮಕೂರು ಜಿಲ್ಲೆಯ ಪಾವಗಡದ ಕಡೆಯ ಸೂಲಗಿತ್ತಿ ನರಸಮ್ಮನವರು ಹಣ ಕೇಳದೆ 15 ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಆದರೆ ಮನೆಯಲ್ಲಿ ರಕ್ತ ಹೆಚ್ಚು ಹೋದರೆ ಜೀವಕ್ಕೇ ಅಪಾಯ. ಆದ್ದರಿಂದ ಆಸ್ಪತ್ರೆ ಬೇಕು. ಜೊತೆಗೆ ಒಬ್ಬರು ಇರುವುದೂ ಬೇಕು.

ಜೊತೆಗಿದ್ದರೆ ಏನು ಲಾಭ? 17 ದೇಶಗಳ 15 ಸಾವಿರಕ್ಕೂ ಹೆಚ್ಚು ಹೆಂಗಸರ ಹೆರಿಗೆಗಳನ್ನು ತಿಳಿದವರು ಲೆಕ್ಕ ಹಾಕಿ ನೋಡಿದರು. 2017ರಲ್ಲಿ ಅದು ಪ್ರಕಟವಾಯಿತು. ಬಿಡದೆ ಜೊತೆಗೊಬ್ಬರು ಇದ್ದವರಿಗೆ ಆಪರೇಷನ್ ಕಡಿಮೆ ಆಗಿತ್ತು. ನೋವು ತಿನ್ನುವ ಹೊತ್ತೂ ಕಡಿಮೆಯಾಗಿತ್ತು.

ಸೂಜಿ ಹಾಕುವುದನ್ನು ಕಲಿತ ಹಾಗೆ ನರ್ಸಮ್ಮ ಇದನ್ನೂ ಕಲಿಯಬೇಕು. ನರ್ಸ್‌ಗಳಿಗೆ 18 ತಿಂಗಳ ಹೆರಿಗೆ ತರಬೇತಿ ಕೊಡುವುದೆಂದು 2018ರಲ್ಲಿ ಕೇಂದ್ರ ಸರ್ಕಾರ ಹೇಳಿತು. ಒಳ್ಳೆಯ ನರ್ಸಮ್ಮ ಏನು ಮಾಡುತ್ತಾಳೆ?

ಬೇನೆ ಬಂದಾಗ ಸೊಂಟ ನೀವುತ್ತಾಳೆ.
ನೀರು ಕುಡಿಸುತ್ತಾಳೆ, ಓಡಾಡಿಸುತ್ತಾಳೆ.
ಮಗುವಿನ ಎದೆಬಡಿತ ನೋಡುತ್ತಾಳೆ.
ಮುಟ್ಟುವ ಮೊದಲು ಹೇಳುತ್ತಾಳೆ.
ಹೊಟ್ಟೆ ಒತ್ತುವುದಿಲ್ಲ, ಬೈಯುವುದಿಲ್ಲ.

ಆದರೆ ನರ್ಸಮ್ಮ ಒಬ್ಬಳು, ಬಸುರಿಯರು ಹಲವರು. ಆಗ ನಮ್ಮವರೇ ಒಬ್ಬರು ಜೊತೆಗಿರಬೇಕು. ಸರ್ಕಾರಿ ಆಸ್ಪತ್ರೆಯ ಹೆರಿಗೆ ಕೋಣೆಯಲ್ಲಿ ಇದಕ್ಕೆ 2016ರಲ್ಲೇ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿದೆ. ಅಮ್ಮ, ಅಕ್ಕ, ಅತ್ತೆ ಯಾರಾದರೂ ಆಗಬಹುದು. ಅವರು ಹೆತ್ತು ಅನುಭವ ಇದ್ದವರಾದರೆ ಒಳ್ಳೆಯದು. ಅಂಟುರೋಗ ಇರಬಾರದು. ಬಟ್ಟೆ ಶುಚಿಯಾಗಿರಬೇಕು. ಡಾಕ್ಟರ ಕೆಲಸಕ್ಕೆ ಅಡ್ಡಿ ಮಾಡಬಾರದು.

ಅಕ್ಕ, ನೋವು ಬರುವವರೆಗೆ ಕಾಯಬೇಡಿ. ತಪಾಸಣೆಗೆ ಹೋದಾಗಲೇ ಕೇಳಿ: "ನನ್ನ ಜೊತೆ ಅಮ್ಮ ಒಳಗಿರಬಹುದಾ?" ಆಶಾ ಅಕ್ಕನಿಗೂ ಹೇಳಿಡಿ. ಕೇಳಿದರೆ ತಪ್ಪಿಲ್ಲ. ಕೇಳುವುದು ನಮ್ಮ ಹಕ್ಕು.

ಮಾತಾಡೋಣ:
1. ನಿಮ್ಮ ಹೆರಿಗೆಯಲ್ಲಿ ಪಕ್ಕದಲ್ಲಿ ಯಾರಿದ್ದರು?
2. ನಿಮ್ಮ ಮಗಳ ಹೆರಿಗೆಗೆ ಒಳಗೆ ಯಾರು ಹೋಗುತ್ತೀರಿ?

ಬರೆಯೋಣ: ಬೇನೆ, ನರ್ಸಮ್ಮ, ಜೊತೆ, ಹಕ್ಕು.